ಒಬ್ಬಳಿಗೆ ಒಂದು ಇಡೀ ಕೋಳಿ

ಪುತ್ತೂರು ಪೇಟೆಯ ಕೋಳಿ ಅಂಗಡಿಯಲ್ಲಿ ಕಾಲು ಕಿಲೋ ಕೇಳಿದರೂ ಕೊಡುತ್ತಾರೆ. ಮೊದಮೊದಲು ಅಂಗಡಿಯವರು "ಬೆಕ್ಕಿಗಾ ಅಕ್ಕ?" ಎಂದು ಕೇಳುತ್ತಿದ್ದರು. ಈಗ ಕೇಳುವುದಿಲ್ಲ, ನಾನು ಮೆಟ್ಟಿಲು ಹತ್ತುವಾಗಲೇ ಸಣ್ಣ ತುಂಡು ತೂಗಿಡುತ್ತಾರೆ. ಊರ ಕೋಳಿ ಹಾಗಲ್ಲ. ಅದನ್ನು ಕಾಲು ಕಿಲೋ, ಅರ್ಧ ಕಿಲೋ ಎಂದು ಯಾರೂ ಮಾರುವುದಿಲ್ಲ. ಕೊಳ್ಳುವುದಾದರೆ ಇಡಿಯಾಗಿ, ಜೀವಂತವಾಗಿ ಕೊಳ್ಳಬೇಕು.

ನನ್ನ ಯಜಮಾನರು ಪುತ್ತೂರಿನಿಂದ ಕಡಬದ ಕಡೆಗೆ ಹೋಗುವ ಸರಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಒಂದು ದಿನ ಅವರ ಬಸ್ಸಿನ ಮುಂದೆ ಕೋಳಿ ಲಾರಿಯೊಂದು ಕೆಟ್ಟು ನಿಂತಿತ್ತಂತೆ. ಸುಡು ಬಿಸಿಲು. ಗೂಡಿನ ಮೇಲೆ ಗೂಡು, ಎದ್ದು ನಿಲ್ಲಲಿಕ್ಕೂ ಜಾಗ ಇಲ್ಲದ ಬಿಳಿ ಕೋಳಿಗಳು. ಅರ್ಧ ಗಂಟೆ ಅವನ್ನೇ ನೋಡುತ್ತಾ ನಿಂತು ಮನೆಗೆ ಬಂದವರು, "ಇನ್ನು ನಮಗೆ ನಡೆದು ತಿಂದ ಕೋಳಿ ಸಾಕು. ತಿಂಗಳಿಗೊಂದು ಆದರೂ ಸರಿ" ಎಂದರು. ಭಾಷಣ ಮಾಡುವ ಮನುಷ್ಯ ಅಲ್ಲ, ಅಷ್ಟೇ ಹೇಳಿದ್ದು. ಊರ ಕೋಳಿ ಒಂದರ ದುಡ್ಡಿಗೆ ಅಂಗಡಿಯ ಕೋಳಿ ಎರಡು ಮೂರು ಬರುತ್ತದೆ. ಹಾಗಾಗಿ ಉಳಿದ ಭಾನುವಾರಗಳನ್ನು ನಾನು ಬಂಗುಡೆಯಲ್ಲೋ ಮೊಟ್ಟೆಯಲ್ಲೋ ಕಡಲೆ ಗಸಿಯಲ್ಲೋ ದಾಟಿಸುತ್ತಿದ್ದೆ. ಯಾರೂ ಗೊಣಗಲಿಲ್ಲ.

ಸವಣೂರಿನ ಒಂದು ಮನೆಯಿಂದ ಅವರು ಕೋಳಿ ತರುತ್ತಿದ್ದರು. ಆ ಮನೆಯ ಸೊಸೆ ಕೋಳಿ ಸಾಕುತ್ತಾಳೆ. ಬೆಳಗಾದರೆ ಗೂಡಿನ ಬಾಗಿಲು ತೆಗೆದುಬಿಡುತ್ತಾಳೆ, ಕತ್ತಲಾಗುವವರೆಗೆ ಅವು ತೋಟ ಕೆದಕಿಕೊಂಡು ಗೆದ್ದಲು, ಹುಳ ತಿಂದುಕೊಂಡಿರುತ್ತವೆ. ಕಾವಿಗೆ ಕೂತ ಹೇಂಟೆಯನ್ನು ಎಷ್ಟು ಕೊಟ್ಟರೂ ಮಾರುವುದಿಲ್ಲ. ಕಾಲು ಕಟ್ಟಿ ತಲೆಕೆಳಗೆ ಹಿಡಿದುಕೊಂಡು ಹೋಗುವವರಿಗೂ ಕೊಡುವುದಿಲ್ಲ, "ಬುಟ್ಟಿ ತನ್ನಿ" ಎನ್ನುತ್ತಾಳೆ.

ಆಗ ನಾವು ಮೂವರು, ಇವರು, ಅತ್ತೆ, ನಾನು. ಭಾನುವಾರ ಮಧ್ಯಾಹ್ನ, ರಾತ್ರಿ ಉಂಡರೆ ಒಂದು ಕೋಳಿ ಮುಗಿಯುತ್ತಿತ್ತು. ಮುಗಿಯಲೇಬೇಕಿತ್ತು. ನನಗೆ ಸೋಮವಾರ ಶಿವನ ದಿನ. ಆ ದಿನ ಮಾಂಸ ತಿನ್ನುವುದು ಹಾಗಿರಲಿ, ಮನೆಯೊಳಗೆ ಇಡುವುದೂ ಇಲ್ಲ. ದೇವರಿಗಿಡುವ ಹಾಲು ಇರುವುದೂ ಅದೇ ಫ್ರಿಜ್ಜಿನಲ್ಲಿ ತಾನೇ?

ಅತ್ತೆ ಮೊದಲು ಹೋದರು. ಎರಡು ವರ್ಷದ ಹಿಂದೆ ಇವರೂ ಹೋದರು. ದೇವರು ನಮಗೆ ಮಕ್ಕಳನ್ನು ಕೊಡಲಿಲ್ಲ. ಕೊಟ್ಟದ್ದನ್ನು ಹೇಳುತ್ತೇನೆ: ಇವರ ಪಿಂಚಣಿಯಲ್ಲಿ ಒಂದು ಪಾಲು ಬರುತ್ತದೆ, ಬಾಡಿಗೆ ಮನೆಯ ಮಾಡು ಸೋರುವುದಿಲ್ಲ, ದೇವಸ್ಥಾನದ ಮೆಟ್ಟಿಲು ಹತ್ತಲು ಮೊಣಕಾಲು ಇನ್ನೂ ಕೇಳುತ್ತದೆ. ಆದರೆ ಒಂದು ಇಡೀ ಕೋಳಿಯನ್ನು ಒಂದೇ ದಿನದಲ್ಲಿ ಒಬ್ಬಳೇ ಉಂಡು ಮುಗಿಸುವುದು ಹೇಗೆ? ಪಕ್ಕದ ಮನೆಯವರಿಗೆ ಕೊಡೋಣವೆಂದರೆ ಅವರು ತಿನ್ನುವವರಲ್ಲ. ಹಾಗೆ ನಾನು ಅಂಗಡಿಯ ಕಾಲು ಕಿಲೋಕ್ಕೆ ಇಳಿದೆ. ಇವರಿಗೆ ಬೇಡವಾದದ್ದು ಎಂದು ಗೊತ್ತಿದ್ದೂ ತಿಂದೆ.

ಮಳೆಗಾಲದ ಆಟಿ ತಿಂಗಳಲ್ಲಿ ಸತ್ತವರಿಗೆ ಬಡಿಸುವುದು ನಮ್ಮಲ್ಲಿ ನಡೆದುಬಂದ ಕ್ರಮ. ಸಂಜೆ ದೀಪ ಹಚ್ಚಿ, ಬಾಳೆಲೆಯಲ್ಲಿ ಕೋಳಿ ಪದಾರ್ಥ, ರೊಟ್ಟಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಹಾಕಿ, ಮನೆಯವರೆಲ್ಲ ಹೊರಗೆ ನಿಲ್ಲಬೇಕು. ಅವರು ಬಂದು ಉಣ್ಣುತ್ತಾರೆ. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗಿ, ಆ ಎಲೆಯದ್ದನ್ನು ಮನೆಯವರು ಉಣ್ಣುವುದು. ಇವರ ಮೂಲ ಮನೆ ಪಾಲಾದ ಮೇಲೆ ಅವರವರ ಮನೆಯಲ್ಲೇ ಬಡಿಸುತ್ತಾರೆ. ಹೋದ ವರ್ಷ ಇವರ ಎಲೆಗೆ ನಾನು ಹಾಕಿದ್ದು ಅದೇ ಅಂಗಡಿಯ ಕಾಲು ಕಿಲೋ. ಬಾಗಿಲು ಹಾಕಿ ಹೊರಗೆ ನಿಂತಾಗ ನಾಚಿಕೆಯಿಂದ ತಲೆ ತಗ್ಗಿತು. ಬದುಕಿದ್ದಾಗ ಬೇಡವೆಂದದ್ದನ್ನು ಸತ್ತ ಮೇಲೆ ಬಡಿಸಿದ್ದೆ. ಈ ವರ್ಷ ಏನಾದರೂ ಸರಿ, ನಡೆದು ತಿಂದ ಕೋಳಿಯನ್ನೇ ಇಡಬೇಕೆಂದು ತಿಂಗಳು ಮೊದಲೇ ಮೀನು ಬಿಟ್ಟು ದುಡ್ಡು ಉಳಿಸಿದೆ.

ಬಡಿಸಲು ಗೊತ್ತುಮಾಡಿದ ದಿನ ಮಂಗಳವಾರ. ಊರ ಕೋಳಿ ಬೇಯಲು ಹೊತ್ತು ಬೇಕು, ಆಟಿಯ ಮಳೆಯಲ್ಲಿ ಅಂದಿನ ಬೆಳಗಿನ ಬಸ್ಸನ್ನು ನಂಬಿ ಕೂರಲು ಧೈರ್ಯ ಸಾಲಲಿಲ್ಲ. ಭಾನುವಾರವೇ ಸವಣೂರಿಗೆ ಹೋಗಿ ಒಂದು ಕೆಂಪು ಹುಂಜ ಕೊಂಡೆ. ನಡುವೆ ಸೋಮವಾರ ಇದ್ದುದರಿಂದ ಕೊಯ್ಯಿಸದೆ ಜೀವಂತ ತಂದು, ಹಿಂದಿನ ಜಗಲಿಯಲ್ಲಿ ಬುಟ್ಟಿ ಮುಚ್ಚಿಟ್ಟು ಅಕ್ಕಿ ಹಾಕಿದೆ. ಮಂಗಳವಾರ ಅಂಗಡಿಯವರೇ ಕೊಯ್ದು ಕೊಡುತ್ತೇನೆಂದಿದ್ದರು.

ಸೋಮವಾರ ಮಧ್ಯಾಹ್ನ ಸವಣೂರಿನ ಆ ಸೊಸೆಯ ಫೋನು ಬಂತು.

"ಅಕ್ಕಾ, ಆ ಹುಂಜವನ್ನು ಎಂತ ಮಾಡಿದ್ರಿ?"

"ಎಂತಕ್ಕೆ ಕೇಳುದು?"

"ಅದು ಹರಕೆಯದ್ದಂತೆ ಅಕ್ಕ. ದನ ಕರು ಹಾಕ್ಲಿಕ್ಕೆ ಕಷ್ಟ ಪಟ್ಟಾಗ ಅತ್ತೆ ದೈವಕ್ಕೆ ಹೇಳಿ ಬಿಟ್ಟದ್ದಂತೆ, ಈ ಕೆಂಪು ನಿಂದು ಅಂತ. ನಾನು ಆಗ ಈಶ್ವರಮಂಗಲದಲ್ಲಿ ತಾಯಿ ಮನೆಯಲ್ಲಿದ್ದೆ. ಅವರು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ಈಗ ಊಟ ಬಿಟ್ಟು ಕೂತಿದ್ದಾರೆ." ಅವಳ ಸ್ವರ ಸಣ್ಣದಾಯಿತು. "ಕೊಯ್ದಾಗಿದ್ರೆ ಹೇಳಿ ಅಕ್ಕ. ತಪ್ಪು ಕಾಣಿಕೆ ಹಾಕಿ ಕೈ ಮುಗಿತೇವೆ."

ಕೊಯ್ದಾಯಿತು ಎಂದುಬಿಡಬಹುದಿತ್ತು. ಹೇಗೂ ನಾಳೆ ಕೊಯ್ಯುವುದು, ಒಂದು ದಿನದ ಸುಳ್ಳು. ಅವರು ಕಾಣಿಕೆ ಹಾಕುತ್ತಾರೆ, ನನ್ನ ಎಲೆಗೆ ಕೋಳಿ ಬೀಳುತ್ತದೆ. ಆದರೆ ದೈವದ ಪಾಲನ್ನು ಎಲೆಗೆ ಹಾಕಿದರೆ ಇವರು ಮುಟ್ಟುತ್ತಾರೆಯೇ? ಒಂದು ರೂಪಾಯಿ ಚಿಲ್ಲರೆ ಉಳಿದರೂ ಮರುದಿನ ಆ ಪ್ರಯಾಣಿಕನನ್ನು ಹುಡುಕಿ ಕೊಡುತ್ತಿದ್ದ ಮನುಷ್ಯ.

"ಜೀವ ಉಂಟು. ಸೋಮವಾರ ಅಲ್ವಾ ಇವತ್ತು. ನಾಳೆ ಬೆಳಿಗ್ಗೆ ತರ್ತೇನೆ" ಎಂದೆ.

ಮಂಗಳವಾರ ಬೆಳಿಗ್ಗೆ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಕಂಡಕ್ಟರ್ ನನ್ನ ಆಧಾರ್ ಕಾರ್ಡು ನೋಡಿ ಚೀಟಿ ಹರಿದು ಕೊಟ್ಟು, ಬುಟ್ಟಿಯ ಕಡೆ ಬಗ್ಗಿದರು.

"ಅಕ್ಕ, ನಿಮಗೆ ಫ್ರೀ. ಇದಕ್ಕೆ ಅರ್ಧ ಟಿಕೆಟ್ ಉಂಟು."

ಹಿಂದಿನ ಸೀಟಿನ ಅಜ್ಜ, "ಹುಂಜ ಅಲ್ವಾ ಮಾರಾಯ್ರೆ, ಅದಕ್ಕೆ ದುಡ್ಡು. ಹೇಂಟೆ ಆಗಿದ್ರೆ ಅದಕ್ಕೂ ಫ್ರೀ ಇತ್ತು" ಎಂದರು. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ನಗುತ್ತಲೇ, ಮನೆಗೆ ಹೋಗಿ ಇದನ್ನು ಹೇಳಬೇಕು ಅನ್ನಿಸಿತು. ಯಾರಿಗೆ ಹೇಳುವುದು ಎಂಬುದು ಮುಂದಿನ ಸ್ಟಾಪು ಬಂದ ಮೇಲೆ ನೆನಪಾಯಿತು.

ಸವಣೂರಿನ ಅಂಗಳದಲ್ಲಿ ಮುದುಕಿ ಕಾದು ನಿಂತಿದ್ದರು. ಬುಟ್ಟಿ ತೆಗೆದದ್ದೇ ಹುಂಜ ರೆಕ್ಕೆ ಕೊಡವಿ ತೋಟಕ್ಕೆ ಓಡಿತು. ಮುದುಕಿ ಅದು ಹೋದ ದಿಕ್ಕಿಗೆ ಕೈ ಮುಗಿದು, ಆಮೇಲೆ ಸೊಸೆಯ ಕಡೆ ತಿರುಗಿದರು.

"ಇವಳಿಗೆ ಮಾರುದು ಒಂದು ಗೊತ್ತುಂಟು."

"ಇಷ್ಟು ಕೋಳಿಯಲ್ಲಿ ಯಾವುದು ದೈವದ್ದು ಅಂತ ಅದರ ಮುಖದಲ್ಲಿ ಬರೆದುಂಟಾ ಅತ್ತೆ? ಬಾಯಿ ಬಿಟ್ಟು ಹೇಳ್ಬೇಕಿತ್ತು."

ಅವಳು ನನ್ನ ದುಡ್ಡು ತಂದು ಕೈಗಿತ್ತಳು. ದುಡ್ಡು ತಕ್ಕೊಂಡು ನಾನೇನು ಮಾಡಲಿ? ಕೊಡುವಂಥ ಬೇರೆ ಕೋಳಿ ಇರಲಿಲ್ಲ. ಎರಡು ಹೇಂಟೆ ಕಾವಿಗೆ ಕೂತಿದ್ದವು, ಉಳಿದವು ಮರಿಗಳು. ಸಂಜೆ ಇವರಿಗೆ ಬಡಿಸಬೇಕೆಂದು ಹೇಳಿದೆ.

ಮುದುಕಿ ನನ್ನ ಕಡೆ ತಿರುಗಿದರು. "ನಮ್ಮಲ್ಲಿಯೂ ಇವತ್ತೇ ಬಡಿಸುದು. ಬೆಳಿಗ್ಗೆ ಒಂದು ಹಳೇ ಹೇಂಟೆ ಕೊಯ್ದಾಗಿದೆ. ಅರ್ಧ ತಕ್ಕೊಂಡು ಹೋಗು ಮಗಾ."

"ಎರಡು ಮನೆಯ ಎಲೆಗೆ ಒಂದೇ ಕೋಳಿ ಆಗ್ತದಾ ಅಮ್ಮ?"

"ಆಗದೆ ಎಂತ? ನಮ್ಮವರು ಪುತ್ತೂರಿಗೆ ಹೋಗ್ತಿದ್ದದ್ದು ನಿನ್ನ ಗಂಡನ ಬಸ್ಸಿನಲ್ಲೇ. ಅಲ್ಲಿ ಒಟ್ಟಿಗೆ ಕೂತು ತಿನ್ಲಿ. ಜಗಳ ಆಡ್ಲಿಕ್ಕೆ ಅಲ್ಲಿ ಚಿಲ್ಲರೆಯೂ ಇಲ್ಲ."

ಸೊಸೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಅರ್ಧ ಕೋಳಿಯನ್ನು ಬಾಳೆಲೆಯಲ್ಲಿ ಕಟ್ಟಿಕೊಟ್ಟು, ಅರ್ಧದ ದುಡ್ಡು ಮಾತ್ರ ತಕ್ಕೊಂಡಳು. ಹೊರಡುವಾಗ ಮುದುಕಿ ನನ್ನ ಕೈ ಹಿಡಿದು, "ಒಬ್ಬಳೇ ಎಂತ ಮಾಡ್ತಿ? ಇಲ್ಲೇ ನಿಲ್ಲು. ನಮ್ಮ ಎಲೆಯ ಹತ್ರ ನಿನ್ನ ಗಂಡನಿಗೂ ಒಂದು ಎಲೆ ಹಾಕುವ" ಎಂದರು.

ನಿಂತುಬಿಡುವ ಮನಸ್ಸು ಬಂತು. ಒಳಗೆ ಮಸಾಲೆ ಹುರಿಯುವ ಪರಿಮಳ, ಜನರ ಮಾತು. ಆದರೆ ಇವರು ಹುಡುಕಿಕೊಂಡು ಬರುವುದು ನಮ್ಮ ಮನೆಗೆ ತಾನೇ? ದೀಪ ಇಲ್ಲದಿದ್ದರೆ ಹಿಂದೆ ಹೋದಾರು. ಹೀಗೆ ಹೇಳಿದಾಗ ಮುದುಕಿ ಕೈ ಬಿಟ್ಟರು.

ಕೋಳಿ ಬೇಯಲು ಎರಡು ಗಂಟೆ ಹಿಡಿಯಿತು. ಸಂಜೆ ಎಲೆ ಹಾಕಿ, ಪದಾರ್ಥ, ರೊಟ್ಟಿ ಬಡಿಸಿ, ಸ್ಟೀಲ್ ಲೋಟದಲ್ಲಿ ಸಕ್ಕರೆ ಹೆಚ್ಚು ಹಾಕಿದ ಚಹಾ ಇಟ್ಟೆ. "ಇದು ಸವಣೂರಿನದ್ದು. ನಡೆದು ತಿಂದದ್ದೇ" ಎಂದು ಹೇಳಿ ಬಾಗಿಲು ಎಳೆದುಕೊಂಡು, ಕೊಡೆ ಬಿಡಿಸಿ ಹೊರಗೆ ನಿಂತೆ.

ಅತ್ತೆ ಇದ್ದಾಗ ಅವರೇ ಹಿರಿಯರು. ಸ್ವಲ್ಪ ಹೊತ್ತಾದ ಮೇಲೆ ಕೆಮ್ಮಿ, "ಇನ್ನು ತೆಗೆಯುವ, ಉಂಡಾಯ್ತು" ಎನ್ನುತ್ತಿದ್ದರು. ಎಷ್ಟು ಹೊತ್ತು ನಿಲ್ಲಬೇಕೆಂದು ನಾನು ಕೇಳಿಟ್ಟುಕೊಂಡಿರಲಿಲ್ಲ. ಈಗ ಈ ಮನೆಗೆ ಹಿರಿಯಳೂ ನಾನೇ, ಕಿರಿಯಳೂ ನಾನೇ. ಬೇಗ ತೆಗೆದರೆ ಅರ್ಧ ಊಟದಲ್ಲಿ ಎಬ್ಬಿಸಿದ ಹಾಗೆ ಆದೀತೆಂದು ಸುಮ್ಮನೆ ನಿಂತೇ ಇದ್ದೆ. ಪಾದ ತಣ್ಣಗಾಯಿತು.

ಪಕ್ಕದ ಮನೆಯಾಕೆ ಕಿಟಕಿಯಿಂದ ಇಣುಕಿದರು. "ಎಂತ ಅಕ್ಕ, ಹೊರಗೆ ನಿಂತದ್ದು? ಬೀಗದ ಕೈ ಒಳಗೆ ಬಾಕಿ ಆಯ್ತಾ?"

"ಇಲ್ಲ. ಒಳಗೆ ಊಟ ಆಗ್ತಾ ಉಂಟು."

"ಯಾರದ್ದು?" ಎಂದವರು, ನನ್ನ ಮುಖ ನೋಡಿ, "ಓ, ಆಟಿ ಅಲ್ವಾ" ಎಂದು ಕಿಟಕಿಯಿಂದ ಸರಿದರು. ತುಸು ಹೊತ್ತಿನಲ್ಲಿ ಅವರ ಟಿವಿಯ ಗಲಾಟೆ ನಿಂತಿತು. ಮಳೆಯದ್ದೊಂದೇ ಸದ್ದು ಉಳಿಯಿತು.

ಕೊನೆಗೆ ನಾನೇ ಕೆಮ್ಮಿ, "ಇನ್ನು ತೆಗೆಯುವ, ಉಂಡಾಯ್ತು" ಎಂದು ಗಟ್ಟಿಯಾಗಿ ಹೇಳಿ, ನನ್ನದೇ ಬಾಗಿಲನ್ನು ಮೂರು ಸಲ ತಟ್ಟಿ ಒಳಗೆ ಹೋದೆ. ಚಹಾದ ಮೇಲೆ ಕೆನೆ ಕಟ್ಟಿತ್ತು. ಎಲೆಯ ಮುಂದೆ ಕೂತು ಉಂಡೆ. ಹಳೇ ಹೇಂಟೆಯ ಮಾಂಸ ಗಟ್ಟಿ, ಅವಸರ ಮಾಡಲಾಗುವುದಿಲ್ಲ. ಹೋದ ವರ್ಷದ ಹಾಗೆ ತುತ್ತು ಗಂಟಲಲ್ಲಿ ನಿಲ್ಲಲಿಲ್ಲ, ದೇವರ ದಯೆ. ಎಲೆಯಲ್ಲಿ ಒಂದು ತುಂಡೂ ಬಿಡದೆ ಉಂಡು, ಎಲೆ ಮಡಚಿ, ಹಿಂದೆ ಹೋಗಿ ನಲ್ಲಿಯಲ್ಲಿ ಪಾತ್ರೆ ತೊಳೆಯತೊಡಗಿದೆ. ನೀರಿನ ಸದ್ದು ಕೇಳಿದ ಮೇಲೆಯೇ ಪಕ್ಕದ ಮನೆಯ ಟಿವಿ ಮತ್ತೆ ಶುರುವಾಯಿತು.