ಪುಷ್ಪಾವತಿಯ ಎಡಗಡೆ

ಹಿರೀಸಾವೆಯ ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ದೋಸೆ ಹುಯ್ಯುವ ಪುಷ್ಪಾವತಿ ರವಿಕೆ ತೊಡುವುದನ್ನು ಬಿಟ್ಟು ವರ್ಷವಾಯಿತು. ಹಗಲೆಲ್ಲ ದೊಗಲೆ ನೈಟಿ. ಸೀರೆ ಉಡಲೂ ಸೋಮಾರಿತನ ಎಂದು ಆಡಿಕೊಳ್ಳುವವರಿಗೇನು, ನೋಯುವುದು ಅವರ ಪಕ್ಕೆಯಲ್ಲವಲ್ಲ. ರವಿಕೆಯ ಹೊಲಿಗೆ ಬಲಪಕ್ಕೆಗೆ ತಾಗಿದರೆ ಅವಳಿಗೆ ಕೆಂಡ ಇಟ್ಟ ಹಾಗಾಗುತ್ತದೆ.

ಎರಡೂ ಕಡೆಯ ಶ್ವಾಸಕೋಶದಲ್ಲಿ ಲಾಡಿಹುಳುವಿನಿಂದಾದ ನೀರುಗಡ್ಡೆ. ಒಂದೇ ಸಲಕ್ಕೆ ಬೇಡವೆಂದು ಹಾಸನದಲ್ಲಿ ಮೊದಲು ಬಲಗಡೆಯದನ್ನು ಕೊಯ್ದು ತೆಗೆದರು. ಅವತ್ತು ಅರಿವಳಿಕೆ ಡಾಕ್ಟರು ಕವನಾ, ಪ್ರಜ್ಞೆ ತಪ್ಪಿಸುವುದರ ಜೊತೆಗೆ ಬೆನ್ನಿಗೊಂದು ಸೂಜಿ ಹಾಕಿ ಪಕ್ಕೆಯ ನರಗಳನ್ನು ಮರಗಟ್ಟಿಸುತ್ತೇವೆ, ಆಗ ಮುಂದೆ ನೋವು ಉಳಿದುಬಿಡುವ ಸಂಭವ ಕಡಿಮೆ ಎಂದಿದ್ದರು. ಅತ್ತೆ ಚಿಕ್ಕಲಕ್ಷ್ಮಮ್ಮ ಸುತರಾಂ ಒಪ್ಪಲಿಲ್ಲ. ಹೆರಿಗೆಯಲ್ಲಿ ಬೆನ್ನಿಗೆ ಸೂಜಿ ಹಾಕಿಸಿಕೊಂಡ ಊರಿನ ಹೆಂಗಸರೆಲ್ಲ ಸೊಂಟ ಹಿಡಿದುಕೊಂಡೇ ಓಡಾಡುತ್ತಾರೆ, ಸೊಸೆಯ ಬೆನ್ನೂ ಹೋದೀತೆಂಬ ಭಯ. ಪ್ರೀತಿಯಿಂದಲೇ ಬೇಡವೆಂದಳು. ಪುಷ್ಪಾವತಿಯೂ ಅತ್ತೆಯ ಮಾತಿಗೇ ತಲೆಯಾಡಿಸಿದಳು.

ಗಾಯ ಮಾಗಿತು, ನೋವು ಹೋಗಲಿಲ್ಲ. ಮಾತ್ರೆ, ಮುಲಾಮು, ಹರಕೆ, ಯಾವುದಕ್ಕೂ ಜಗ್ಗಲಿಲ್ಲ. ಪುಟ್ಟ ಮಗಳು ನಿಸರ್ಗ ಒಮ್ಮೆ ನಿದ್ದೆಗಣ್ಣಲ್ಲಿ ಬಲಗಡೆಗೆ ಬಂದು ತಬ್ಬಿದಾಗ ಪುಷ್ಪಾವತಿ ತಾಳಲಾರದೆ ದೂಡಿಬಿಟ್ಟಳು. ಗೋಡೆಗೆ ತಲೆ ಬಡಿದರೂ ಮಗು ಅಳಲಿಲ್ಲ, ಸುಮ್ಮನೆ ಅಮ್ಮನನ್ನೇ ನೋಡಿತು. ಆಮೇಲಿನಿಂದ ಯಾವ ಕಡೆ ಎಂದು ಕೇಳಿಕೊಂಡೇ ಎಡಗಡೆಗೆ ಬಂದು ಮಲಗುತ್ತದೆ.

ಈಗ ಎಡಗಡೆಯನ್ನೂ ಕೊಯ್ಯಬೇಕು. ಗಡ್ಡೆ ಒಳಗೇ ಒಡೆದರೆ ಜೀವಕ್ಕೆ ಸಂಚಕಾರ. ಸತ್ತರೂ ಸರಿ ಬರೊಲ್ಲ ಎಂದು ಹಟ ಹಿಡಿದವಳನ್ನು ಗಂಡ ಕಿರಣ್‌ಕುಮಾರ್ ಕೈಕಾಲು ಹಿಡಿದು ಬಸ್ಸು ಹತ್ತಿಸಿದ. ಅತ್ತೆಯೂ ಜೊತೆಗೆ ಬಂದಳು.

"ಬಲಗಡೀಕೂ ಈಗ್ಲೇ ಆ ಸೂಜಿ ಆಕ್ಬುಡಿ ಮೇಡಂ," ಎಂದು ಆಸ್ಪತ್ರೆಯಲ್ಲಿ ಪುಷ್ಪಾವತಿ ಡಾಕ್ಟರು ಕವನಾರನ್ನು ಅಂಗಲಾಚಿದಳು.

ಅದಕ್ಕೆ ಹೊತ್ತು ಮೀರಿದೆ ಎಂದರು ಕವನಾ. ಈಗ ಹಾಕಿದರೆ ಕೆಲವು ದಿನ ತಣ್ಣಗಾದೀತು, ಬೇರು ಬಿಟ್ಟ ನೋವು ಹೋಗುವ ಭರವಸೆ ಇಲ್ಲ. ಎಡಗಡೆಗೆ ಮಾತ್ರ ಕೊಯ್ಯುವ ಮೊದಲೇ ಹಾಕಬಹುದು. ಅದೂ ಖಾತ್ರಿಯಲ್ಲ, ಸಂಭವ ಕಡಿಮೆಯಾಗುತ್ತದೆ, ಅಷ್ಟೆ. ಸುಳ್ಳು ಧೈರ್ಯ ಹೇಳುವ ಹೆಂಗಸಲ್ಲ ಅವರು.

ಆಪರೇಷನ್ ಕೋಣೆಯ ಬಾಗಿಲಲ್ಲಿ ಚಿಕ್ಕಲಕ್ಷ್ಮಮ್ಮ ಸೊಸೆಯ ಜಡೆಯನ್ನು ಬೆನ್ನಿನಿಂದೆತ್ತಿ ಗಂಟು ಕಟ್ಟಿದಳು. ಕಟ್ಟಿದ ಮೇಲೂ ಕೈ ತೆಗೆಯಲಿಲ್ಲ. ನರ್ಸೇ ಬಿಡಿಸಬೇಕಾಯಿತು.

ಒಳಗೆ ಪುಷ್ಪಾವತಿ ಮೇಜಿನ ಮೇಲೆ ಕೂತು, ದಿಂಬು ತಬ್ಬಿಕೊಂಡು ಬೆನ್ನು ಬಾಗಿಸಿದಳು. ಅಲುಗಾಡಬೇಡಿ ಎಂದರು ಕವನಾ.

"ಈ ಕಡೇನಾದ್ರೂ ಉಳ್ಸ್ಕೊಡಿ ಮೇಡಂ," ಎಂದಳು. "ಮಗ್ಳು ಮನೀಕಳಕ್ಕೆ ನನ್ ಮೈಯಾಗೆ ಇರಾದು ಇದೊಂದೇ ಜಾಗ."