ಹದಿನೈದು ಪಾದ

ಮೊನ್ನೆ ಬೆಳಿಗ್ಗೆ ಅಂಗಳದಲ್ಲಿ ನಿಲ್ಲಿಸಿದ್ದ ಮಗಳ ಹೊಸ ಕಾರಿನ ಮುಂದೆ ಒಂದು ತೆಂಗಿನಕಾಯಿ ಬಿದ್ದಿತ್ತು. ಸಿಪ್ಪೆ ಸುಲಿಯದ ಒಣಕಾಯಿ. ಕಾರಿನೊಳಗೆ ಕೂತಿದ್ದ ಮಗಳು, "ಅಪ್ಪಾ, ಎದುರು ಏನಾದರೂ ಉಂಟಾ? ನನಗೆ ಕಾಣುವುದಿಲ್ಲ" ಎಂದಳು. ನಾನು ಆ ಕಾಯಿಯನ್ನೇ ನೋಡುತ್ತ ನಿಂತೆ. ವಾಮದಪದವಿನಲ್ಲಿ ನಮ್ಮ ನೆರೆಮನೆಯಲ್ಲಿದ್ದ ಡ್ರೈವರ್ ಮಾವ ನೆನಪಾದರು...

ಬಂಟ್ವಾಳದ ಬಸ್ಸು ಓಡಿಸಿ ಓಡಿಸಿ ಮುದುಕರಾದವರು ಅವರು. ಅಷ್ಟು ವರ್ಷಗಳಲ್ಲಿ ಒಂದು ಕೋಳಿಯನ್ನೂ ಚಕ್ರಕ್ಕೆ ಕೊಟ್ಟವರಲ್ಲ. ನಾನೋ, ಹೆಬ್ಬೆಟ್ಟು ಒತ್ತುವವರ ಮನೆಯಲ್ಲಿ ಹುಟ್ಟಿದವನು. ಅಮ್ಮ ಬೀಡಿ ಕಟ್ಟಿ ಓದಿಸಿದ್ದರಿಂದ ಮಂಗಳೂರಿನಲ್ಲಿ ಬಿ.ಎ. ಮುಗಿಸಿದೆ. ಆ ಹೆಮ್ಮೆ ನನಗೆ ಇವತ್ತಿಗೂ ಉಂಟು, ಮುಚ್ಚಿಡುವುದಿಲ್ಲ. ಮೂಡುಬಿದಿರೆಯ ಹೈಸ್ಕೂಲಿನಲ್ಲಿ ಕೆಲಸವೂ ಸಿಕ್ಕಿತು. ಆರ್ಡರು ಕೈಗೆ ಬರುವ ಮೊದಲೇ ಮಾವ ನನ್ನನ್ನು "ಮಾಸ್ಟ್ರೇ" ಎಂದು ಕರೆಯಲು ಸುರು ಮಾಡಿದ್ದರು.

ಅರುವತ್ತರ ದಶಕ ಆಗಷ್ಟೇ ಸುರುವಾಗಿತ್ತು. ಬಸ್ಸಿನ ಕೆಲಸ ಬಿಟ್ಟ ಮಾವ ಒಂದು ಹಳೆಯ ಕಾರು ಕೊಂಡು ಬಾಡಿಗೆಗೆ ಓಡಿಸುವ ಮನಸ್ಸು ಮಾಡಿದರು. ನೋಡಲಿಕ್ಕೆ ಬಂಟ್ವಾಳಕ್ಕೆ ಹೊರಟಾಗ ನನ್ನನ್ನೂ ಕರೆದರು. "ನೀನು ಓದಿದವ. ಜೊತೆಗೆ ಬಾ ಮಾರಾಯ."

ಕೈಯಲ್ಲಿ ಒಂದು ಚೀಲ. ಚೀಲದಲ್ಲಿ ಒಂದು ತೆಂಗಿನಕಾಯಿ. ಗಣಪತಿಗೆ ಒಡೆಯಲಿಕ್ಕೆ ಇರಬೇಕು ಎಂದುಕೊಂಡಿದ್ದೆ.

ಗ್ಯಾರೇಜಿನಲ್ಲಿ ಎರಡು ಕಾರುಗಳಿದ್ದವು. ಒಂದು ಯಾರೋ ಡಾಕ್ಟರರು ಬಿಟ್ಟುಕೊಟ್ಟ ಕಪ್ಪು ಕಾರು; ಎತ್ತರದ ಸೀಟು, ಗಿಡ್ಡ ಮೂತಿ, ನೋಡಿದರೆ ಅಕ್ಕಿಯ ಪೆಟ್ಟಿಗೆಯ ಹಾಗೆ. ಇನ್ನೊಂದು ಆಕಾಶನೀಲಿ. ಉದ್ದನೆಯ ಬಾನೆಟ್ಟು, ಮುಖ ಕಾಣುವಂಥ ಹೊಳಪು. ಮಾವ ಹೊಳಪಿನ ಕಡೆ ತಿರುಗಿಯೂ ನೋಡಲಿಲ್ಲ. ಬ್ರೇಕು ಒತ್ತಿ ನೋಡಿದರು. ಎರಡೂ ಅಡ್ಡಿಯಿಲ್ಲ ಎಂದರು. ಆಮೇಲೆ ಚೀಲದಿಂದ ಕಾಯಿ ತೆಗೆದು ನನ್ನ ಕೈಗಿಟ್ಟರು.

"ಇದನ್ನು ಬಂಪರಿನ ಬುಡದಲ್ಲಿ ಇಡು. ನೆಲದಲ್ಲೇ ಉರುಳಿಸಿಕೊಂಡು ಹಾಗೇ ಹಿಂದೆ ಹಿಂದೆ ಹೋಗು. ನನಗೆ ಕಂಡ ಕೂಡಲೇ ಹೇಳ್ತೇನೆ, ಅಲ್ಲೇ ಬಿಡು. ಮತ್ತೆ ಬಂಪರಿನಿಂದ ಕಾಯಿಯವರೆಗೆ ಪಾದಕ್ಕೆ ಪಾದ ಕೂಡಿಸಿ ಅಳೆ. ನನ್ನ ಮೊಣಕಾಲು ಆಗುವುದಿಲ್ಲ, ಹತ್ತಿ ಇಳಿಯಲಿಕ್ಕೆ."

"ಇದೆಂಥ ಪರೀಕ್ಷೆ ಮಾವ?"

"ಕಾಣದ ಜಾಗದಲ್ಲೇ ಮಕ್ಕಳು ಬಂದು ಕೂತುಕೊಳ್ಳುವುದು ಮಾಸ್ಟ್ರೇ. ನಿನ್ನ ಬಿ.ಎ.ಯಲ್ಲಿ ಇದನ್ನು ಹೇಳಿಕೊಡಲಿಲ್ವಾ?"

ಕಪ್ಪು ಕಾರಿಗೆ ಒಂಬತ್ತು ಪಾದ ಬಂತು. ನೀಲಿ ಕಾರಿಗೆ ಅಳೆದೆ. ಹದಿನೈದು.

ಸುಳ್ಳು ಹೇಳಿದೆ. "ಹತ್ತು" ಎಂದೆ.

ಯಾಕೆ? ಹೈಸ್ಕೂಲಿಗೆ ಸೇರುವ ದಿನ ಮಾವ ತನ್ನ ಕಾರಿನಲ್ಲೇ ಬಿಡುತ್ತೇನೆ ಎಂದಿದ್ದರು. ಬೀಡಿ ಕಟ್ಟುವವಳ ಮಗ ಆ ಅಕ್ಕಿಯ ಪೆಟ್ಟಿಗೆಯಿಂದ ಇಳಿಯುವುದು ನನಗೆ ಬೇಡವಾಗಿತ್ತು. ಅಷ್ಟೇ ಕಾರಣ.

"ನನಗೆ ತುಂಬ ದೂರ ಕಂಡ ಹಾಗೆ ಆಯ್ತಲ್ಲ?" ಮಾವ ಕಿಟಕಿಯಿಂದ ತಲೆ ಹೊರಗೆ ಹಾಕಿದರು. ನಾನು ಕಾಯಿ ಎತ್ತಿ ಆಗಿತ್ತು.

"ನಿಮ್ಮ ಕಣ್ಣಿನ ಅಂದಾಜು ಅದು ಮಾವ. ನಾನು ಅಳೆದದ್ದಲ್ವಾ?"

ಅವರು ಒಮ್ಮೆ ಕಣ್ಣು ಉಜ್ಜಿಕೊಂಡರು. "ಹಾಗಾದರೆ ಸರಿ. ಒಂದು ಪಾದ ಹೆಚ್ಚು, ಅಷ್ಟೇ ಅಲ್ಲ?"

ಸೇರುವ ದಿನ ನೀಲಿ ಕಾರಿನಿಂದಲೇ ಇಳಿದೆ. ಮಕ್ಕಳೆಲ್ಲ ಓಡಿ ಬಂದು ಸುತ್ತ ನಿಂತರು. ಆ ಸಂತೋಷವನ್ನು ಈಗ ನೆನೆಯಲಿಕ್ಕೂ ನಾಚಿಕೆ...

ವರ್ಷ ತುಂಬಿರಲಿಲ್ಲ. ಒಂದು ಆದಿತ್ಯವಾರ ಜಂಕ್ಷನ್ನಿನ ಹೋಟೆಲಿನಲ್ಲಿ ನಾವಿಬ್ಬರೂ ಚಾ ಕುಡಿದು ಬಂದು ಕಾರು ಹತ್ತಿದೆವು. ಮಾವ ಎದುರು ನೋಡಿದರು, ಹಾರ್ನು ಹೊಡೆದರು, ಮೆಲ್ಲನೆ ಬಿಟ್ಟರು. ಏನೋ ತಾಗಿತು. ಹೋಟೆಲಿನವರ ಕರು ಬಂಪರಿನ ಮುಂದೆ ಮಲಗಿತ್ತು. ಅದರ ಹಿಂಗಾಲು ಮುರಿದಿತ್ತು. ಮಾವ ಇಳಿದು, ಬಾಗದ ಮೊಣಕಾಲನ್ನು ಬಾಗಿಸಿ, ಮಣ್ಣಿನಲ್ಲಿ ಕೂತು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು.

"ನನ್ನ ಕಣ್ಣು ಹೋಯಿತು ಮಾಸ್ಟ್ರೇ. ಇವತ್ತು ಕರು. ನಾಳೆ ಮಗು ಆದರೆ?"

ಹದಿನೈದು ಎಂಬ ಮಾತು ಬಾಯಿಯವರೆಗೆ ಬಂದಿತ್ತು. ಹೋಟೆಲಿನ ಮುಂದೆ ಜನ ಸೇರಿದ್ದರು. ನನ್ನ ಬಾಯಿಂದ ಬಂದದ್ದು ಬೇರೆ: "ವಯಸ್ಸಾಯಿತಲ್ಲ ಮಾವ."

ಅವರು ಮತ್ತೆ ಸ್ಟೇರಿಂಗ್ ಹಿಡಿಯಲಿಲ್ಲ. ನೀಲಿ ಕಾರು ಯಾರಿಗೋ ಹೋಯಿತು. ಕರು ಕುಂಟುತ್ತ ಬದುಕಿತು. ಮಾವ ಚಾವಡಿಯಲ್ಲಿ ಕೂತು ಮಾರ್ಗ ನೋಡುತ್ತಿದ್ದರು. ಶನಿವಾರ ನಾನು ಬಂದಾಗ, ದೂರದ ತಿರುವಿನಲ್ಲಿ ಬಸ್ಸು ಕಂಡ ಕೂಡಲೇ, "ಅದು ಬೆಳ್ತಂಗಡಿಯದ್ದು, ನಂಬರು ನೋಡು" ಎಂದು ಅಂಕಿಗಳನ್ನು ಒಂದೊಂದಾಗಿ ಹೇಳುತ್ತಿದ್ದರು. ಕನ್ನಡಕ ಹಾಕಿದ ನನಗೆ ಬಸ್ಸಿನ ಬಣ್ಣವೂ ಗೊತ್ತಾಗುತ್ತಿರಲಿಲ್ಲ. ಹತ್ತಿರ ಬಂದ ಮೇಲೆ ನೋಡಿದರೆ ಒಂದು ಅಂಕಿಯೂ ತಪ್ಪಿರುತ್ತಿರಲಿಲ್ಲ. "ದೂರದ್ದು ಕಂಡು ಎಂಥ ಮಾಡುವುದು ಮಾಸ್ಟ್ರೇ, ಕಾಲಬುಡದ ಕರು ಕಾಣಲಿಲ್ಲವಲ್ಲ" ಎನ್ನುತ್ತಿದ್ದರು.

ಆ ಕಣ್ಣುಗಳು ಕೆಟ್ಟಿವೆ ಎಂದು ನಂಬಿಕೊಂಡೇ ಅವರು ತೀರಿಕೊಂಡರು. ನಾನು ಆಗ ಬೆಳ್ತಂಗಡಿಗೆ ವರ್ಗವಾಗಿದ್ದೆ. ಸುದ್ದಿ ಮುಟ್ಟಿ, ಬಸ್ಸು ಹಿಡಿದು ಹೋಗುವಾಗ ದಹನವೆಲ್ಲ ಮುಗಿದಿತ್ತು. ಮಾವನ ಹೆಂಡತಿ ಅತ್ತೆಯ ಹತ್ತಿರವೂ ನಿಜ ಹೇಳಲಿಲ್ಲ. ಹೇಳುವ ಧೈರ್ಯವನ್ನು ಯಾವ ಕಾಲೇಜೂ ನನಗೆ ಕೊಡಲಿಲ್ಲ. ಈಗ ಅತ್ತೆಯೂ ಇಲ್ಲ...

"ಅಪ್ಪಾ, ಎಂಥ ನಿಂತೇಬಿಟ್ಟಿರಿ?" ಮಗಳು ಕರೆದಳು. ಕಾಯಿಯನ್ನು ಬಂಪರಿನ ಬುಡಕ್ಕೆ ತಂದು, ಕೋಲಿನಿಂದ ನೆಲದಲ್ಲೇ ಉರುಳಿಸುತ್ತ ಹಿಂದೆ ಹಿಂದೆ ಹೋದೆ. "ಕಾಣುವಾಗ ಹೇಳು" ಎಂದೆ. ಅವಳು ನಗುತ್ತ ಹೇಳಿದಳು. ಕಾಯಿ ಅಲ್ಲೇ ಬಿಟ್ಟು, ಕೋಲು ಊರಿಕೊಂಡು, ಪಾದಕ್ಕೆ ಪಾದ ಕೂಡಿಸಿ ಅಳೆದೆ.

"ಎಷ್ಟು ಬಂತು ಅಪ್ಪಾ?"

ಬಂದಷ್ಟೇ ಹೇಳಿದೆ.