ಕತ್ತಿಯ ಕೆಳಗಿನ ಅಭಿಪ್ರಾಯ

ಬಸ್ ಡಿಪೋ ಹಿಂದಿನ ಬೀದಿಯಲ್ಲಿ ಎರಡು ಕುರ್ಚಿಗಳ ಸಲೂನು ನಡೆಸುತ್ತಿದ್ದ ಆ ಮನುಷ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಅದು ಕರೆಂಟ್ ಬಿಲ್ಲಿನಲ್ಲಿ ಮಾತ್ರ ಬಳಕೆಯಾಗುತ್ತಿತ್ತು. ಬೀದಿಯ ಬಾಯಲ್ಲಿ ಅವನು ಎಲ್‌ಪಿ, ಚಿಕ್ಕವರಿಗೆ ಎಲ್‌ಪಿ ಅಣ್ಣ. ಹಳೇ ಎಲ್‌ಪಿ ರೆಕಾರ್ಡೊಂದನ್ನು, ಅಂದರೆ ಹಾಡಿನ ಕರಿ ತಟ್ಟೆಯೊಂದನ್ನು, ಹಾಕದೆ ಅವನು ಕತ್ತರಿ ಮುಟ್ಟುತ್ತಿರಲಿಲ್ಲ. ಎರಡು ಕುರ್ಚಿಗಳಲ್ಲಿ ಒಂದರ ಹಿಡಿ ಕೆಟ್ಟಿತ್ತು. ಕೂತವರನ್ನು ಅದು ಕ್ಷೌರದ ನಡುವೆ ಇದ್ದಕ್ಕಿದ್ದಂತೆ ಒಂದು ಗೇಣು ಕೆಳಗಿಳಿಸಿಬಿಡುತ್ತಿತ್ತು. ಅದನ್ನು ರಿಪೇರಿ ಮಾಡಿಸಲು ಯಜಮಾನನಿಗೆ ಪುರಸೊತ್ತಿರಲಿಲ್ಲ. ಕನ್ನಡಿಯ ಮೇಲಿನ ಹಲಗೆಯಲ್ಲಿ, ಕೂದಲು ಹಾರಿ ತಲುಪದ ಎತ್ತರದಲ್ಲಿದ್ದ ರೆಕಾರ್ಡ್ ಪ್ಲೇಯರಿಗೆ ಮಾತ್ರ ದಿನಾ ಬೆಳಿಗ್ಗೆ ಮೆತ್ತನೆ ಬಟ್ಟೆಯ ಉಪಚಾರ ನಡೆಯುತ್ತಿತ್ತು.

ಅವನು ಹಾಕುತ್ತಿದ್ದದ್ದು ಕಂಟ್ರಿ ರಾಕ್ ಮತ್ತು ಫೋಕ್ ರಾಕ್. ಅಂದರೆ ಗಡ್ಡ ಬಿಟ್ಟ ಗಂಡಸರು ಗಿಟಾರು ತಬ್ಬಿಕೊಂಡು ಬಿಟ್ಟುಬಂದ ಊರು, ಬಿಟ್ಟುಹೋದ ಹುಡುಗಿ, ಕೆಟ್ಟುನಿಂತ ಲಾರಿ ಇವುಗಳ ಬಗ್ಗೆ ದುಃಖಿಸುವ ಸಂಗೀತ. ಯಾವ ಆಲ್ಬಂ ಬೇಕೆಂದು ಗಿರಾಕಿಯನ್ನು ಕೇಳುವ ಪದ್ಧತಿ ಅಲ್ಲಿರಲಿಲ್ಲ. ವೈದ್ಯರು ನಾಲಿಗೆ ನೋಡಿ ಔಷಧ ಬರೆಯುವಂತೆ ಎಲ್‌ಪಿ ತಲೆ ನೋಡಿ ಆಲ್ಬಂ ಆರಿಸುತ್ತಿದ್ದ. ಕೂದಲು ಉದುರುತ್ತಿರುವವರಿಗೆ ಕಂಟ್ರಿ ರಾಕ್, ಕಳೆದುಕೊಳ್ಳುವುದನ್ನು ಅಭ್ಯಾಸ ಮಾಡಿಕೊಳ್ಳಲಿ ಅಂತ. ಹೊಸದಾಗಿ ಮದುವೆಯಾದವರಿಗೆ ಫೋಕ್ ರಾಕ್, ಮುಂದೆ ಬೇಕಾಗುತ್ತದೆ ಅಂತ.

ಜೊತೆಗೆ ವ್ಯಾಖ್ಯಾನ ಪುಕ್ಕಟೆ. ಹುಲ್ಲಿನ ಬಣವೆಯ ಮುಂದೆ ಟೋಪಿ ಹಾಕಿಕೊಂಡು ನಿಂತ ಐವರ ಚಿತ್ರ ರಟ್ಟಿನ ಹೊದಿಕೆಯ ಮೇಲಿದ್ದ ಆಲ್ಬಮ್ಮೊಂದಿತ್ತು. “ಈ ಐದು ಜನರಲ್ಲಿ ಒಬ್ಬನೂ ಹುಟ್ಟಿದಾಗಿಂದ ಒಂದು ಹೊರೆ ಹುಲ್ಲು ಹೊತ್ತವನಲ್ಲ. ಆದ್ರೆ ಹಾಡು ಕೇಳಿದ್ರೆ ನಮ್ಮ ಸೊಂಟ ಹಿಡ್ಕೊಳ್ಳುತ್ತೆ. ಅದು ಕಣ್ರೀ ಕಲೆ,” ಎನ್ನುತ್ತಿದ್ದ. ಉದ್ದ ಕೂದಲಿನ ಹೆಂಗಸೊಬ್ಬಳು ಕಿಟಕಿಯಾಚೆ ನೋಡುತ್ತ ಕೂತ ಇನ್ನೊಂದರ ಬಗ್ಗೆ ಅವನ ನಿಲುವು ಖಡಾಖಂಡಿತ. “ಎಲ್ಲಾ ಹಾಡಲ್ಲೂ ಯಾರೋ ಒಬ್ಬ ಈಯಮ್ಮನ್ನ ಬಿಟ್ಟು ಹೋಗ್ತಾನೆ. ತಟ್ಟೆ ಮಗುಚಿ ಹಾಕೋ ಹೊತ್ತಿಗೆ ನನಗೆ ಹೋದವರ ಮೇಲೇ ಕನಿಕರ ಬರುತ್ತೆ.” ಸ್ಟೀಲ್ ಗಿಟಾರನ್ನಂತೂ ಅವನು ವಾದ್ಯವೆಂದೇ ಒಪ್ಪುತ್ತಿರಲಿಲ್ಲ. ಅಳುವುದಕ್ಕೆಂದೇ ಸಂಬಳ ಕೊಟ್ಟು ಇಟ್ಟುಕೊಂಡ ಆಳು ಅದು ಎಂದು ಅವನ ವಾದ.

ತನ್ನ ಮಾತು ಮುಗಿದ ಮೇಲೆ ಗಿರಾಕಿಯ ಅಭಿಪ್ರಾಯ ಕೇಳಲೇಬೇಕು. ಕೇಳುವ ಗಳಿಗೆಯೂ ನಿಗದಿಯಾಗಿತ್ತು. ನೊರೆ ಹಚ್ಚಿ, ಗದ್ದ ಮೇಲೆತ್ತಿ, ಕತ್ತಿಯನ್ನು ಗಂಟಲುಗಂಟಿನ ಪಕ್ಕ ಇಟ್ಟ ಮೇಲೆ, ಮೆಲ್ಲಗೆ, “ಹೇಗಿದೆ ಆಲ್ಬಂ?” ಎನ್ನುತ್ತಿದ್ದ. ಇದರಲ್ಲಿ ದುರುದ್ದೇಶ ಸಾಸಿವೆಯಷ್ಟೂ ಇರಲಿಲ್ಲ. ಆ ಹೊತ್ತಿಗೆ ಮನುಷ್ಯ ಅಲ್ಲಾಡದೆ ಕೂತಿರುತ್ತಾನೆ, ಕಿವಿ ಚುರುಕಾಗಿರುತ್ತದೆ, ಮನಸ್ಸು ಏಕಾಗ್ರವಾಗಿರುತ್ತದೆ ಎಂಬುದು ಅವನ ಪ್ರಾಮಾಣಿಕ ನಂಬಿಕೆ. ಮನಸ್ಸು ಏಕಾಗ್ರವಾಗಿದ್ದದ್ದಂತೂ ನಿಜವೇ.

“ಬಹಳ ಚೆನ್ನಾಗಿದೆ,” ಎನ್ನುತ್ತಿದ್ದರು ಎಲ್ಲರೂ, ತುಟಿ ಅಲ್ಲಾಡಿಸದೆ.

ಹೀಗೆ ಚೆನ್ನಾಗಿದೆ ಅನ್ನಿಸಿಕೊಂಡವುಗಳಲ್ಲಿ ಅವನದೇ ಒಂದು ಆಲ್ಬಂ ಇತ್ತು. ಪ್ರಾಯದಲ್ಲಿ ಅವನು, ಅವನ ಬಾಮೈದ, ಮೌತ್ ಆರ್ಗನ್ ಊದುವ ಒಬ್ಬ ಪೋಸ್ಟ್‌ಮ್ಯಾನ್ ಸೇರಿ ಧ್ವನಿಮುದ್ರಿಸಿದ್ದು, ಹೆಸರು ‘ಎರಡನೇ ಗೇರು’, ದಿಣ್ಣೆ ಹತ್ತುವ ಲಾರಿಯ ಗೇರು. ಹೊದಿಕೆಯ ಚಿತ್ರದಲ್ಲಿ ಮೂವರೂ ಯಾರದೋ ಲಾರಿಗೆ ಒರಗಿ, ಅದು ತಮ್ಮದೇ ಎಂಬ ಮುಖ ಮಾಡಿಕೊಂಡು ನಿಂತಿದ್ದರು. ನೆಂಟರಿಗೆ ಹಂಚಿ ಉಳಿದ ಪ್ರತಿಗಳು ಮಂಚದ ಕೆಳಗಿದ್ದವು. ಚಿತ್ರದಲ್ಲಿದ್ದ ಗಡ್ಡ, ತಲೆಗೂದಲು ಎರಡೂ ಎಲ್‌ಪಿಯನ್ನು ಬಿಟ್ಟುಹೋಗಿದ್ದರಿಂದ ಯಾರಿಗೂ ಗುರುತು ಸಿಗುತ್ತಿರಲಿಲ್ಲ. ಅವನೂ ಬಾಯಿ ಬಿಡದೆ, ದೊಡ್ಡವರ ಆಲ್ಬಮ್ಮುಗಳ ನಡುವೆ ಅದನ್ನು ಸದ್ದಿಲ್ಲದೆ ತೂರಿಸಿ, ಕತ್ತಿ ಇಟ್ಟು ಕೇಳುತ್ತಿದ್ದ. ವರ್ಷಗಟ್ಟಲೆ ಕೇಳಿದ. ಒಬ್ಬನೇ ಒಬ್ಬ ತಪ್ಪು ಹುಡುಕಲಿಲ್ಲ. ಲೋಕ ಗುರುತಿಸದೆ ಬಿಟ್ಟ ಮೇರುಕೃತಿ ತನ್ನ ಮಂಚದ ಕೆಳಗಿದೆ ಎಂದು ಅವನು ನಂಬಿದ್ದರಲ್ಲಿ ಆಶ್ಚರ್ಯವೇನಿದೆ?

ಆದ್ದರಿಂದಲೇ, ಸಮುದಾಯ ಭವನದಲ್ಲಿ ಹಳೇ ತಂಡಗಳ ಸಂಜೆ ಎಂಬ ಕಾರ್ಯಕ್ರಮ ಗೊತ್ತಾದಾಗ ಎಲ್‌ಪಿ ಹಿಂದೆಮುಂದೆ ನೋಡದೆ ಹೆಸರು ಕೊಟ್ಟುಬಂದ. ಒಂದೆರಡು ಹಾಡಲ್ಲ, ಇಡೀ ‘ಎರಡನೇ ಗೇರು’, ಹತ್ತಕ್ಕೆ ಹತ್ತೂ. ಪೋಸ್ಟ್‌ಮ್ಯಾನ್ ತೀರಿಕೊಂಡಿದ್ದ. ಬಾಮೈದ, ಕೂರಲು ಒಂದು ಸ್ಟೂಲು ಕೊಡುವುದಾದರೆ ಬರುತ್ತೇನೆಂದ. ಸಲೂನಿನ ಬಾಗಿಲಿಗೆ ಭಿತ್ತಿಪತ್ರ ಅಂಟಿತು. ಗಿರಾಕಿಗಳಿಗೆಲ್ಲ ಗುಟ್ಟು ರಟ್ಟಾಯಿತು. ಆ ಹಾಡುಗಾರ ನಮ್ಮ ಎಲ್‌ಪಿಯೇ ಎಂದು ತಿಳಿದ ಗಿರಾಕಿಗಳು ಇನ್ನಷ್ಟು ಹೊಗಳಿದರು, ಕತ್ತಿ ಇನ್ನೂ ಅಲ್ಲೇ ಇತ್ತಲ್ಲ. ಎಲ್‌ಪಿ ನೆಲದ ಮೇಲೆ ನಡೆಯುವುದನ್ನೇ ಬಿಟ್ಟ.

ಕಾರ್ಯಕ್ರಮ ಶನಿವಾರ. ಆ ವಾರದ ಬುಧವಾರ ವಿಮಾ ಏಜೆಂಟನೊಬ್ಬ ಬಂದು ಕೂತ. ಎಲ್‌ಪಿ ಕನ್ನಡಕ ಎಲ್ಲೋ ಇಟ್ಟು ಮರೆತಿದ್ದ. ಟೋಪಿಯ ಐವರ ಹೊದಿಕೆಯಿಂದ ತಟ್ಟೆ ತೆಗೆದು ಹಾಕಿ, ನೊರೆ ಹಚ್ಚಿ, ಕತ್ತಿ ಇಟ್ಟು, ಅಭ್ಯಾಸಬಲದಿಂದ ಕೇಳಿದ. “ಹೇಗಿದೆ?”

“ಆಹಾ! ತಾಳ ನೋಡಿ, ಒಂದೇ ಹದ. ಸ್ವಲ್ಪಾನೂ ಜಾರಲ್ಲ,” ಎಂದ ಏಜೆಂಟ.

ಎಲ್‌ಪಿಯ ಕಿವಿ ಆಗ ನೆಟ್ಟಗಾಯಿತು. ಮೇಲಿನಿಂದ ಬರುತ್ತಿದ್ದದ್ದು ಬುಸ್ ಬುಸ್, ಗಡಕ್ ಗಡಕ್. ಯಾರದೋ ಮನೆ ಖಾಲಿ ಮಾಡಿಸುವಾಗ ರಾಶಿಯಲ್ಲಿ ಬಂದಿದ್ದ ‘ಉಗಿಬಂಡಿಗಳ ಸದ್ದು’ ಎಂಬ ತಟ್ಟೆ ಬೇರೆ ಹೊದಿಕೆಯೊಳಗೆ ಸೇರಿಕೊಂಡುಬಿಟ್ಟಿತ್ತು. ಅಷ್ಟರಲ್ಲಿ ಎಂಜಿನ್ನು ಉದ್ದಕ್ಕೆ ಸಿಳ್ಳೆ ಹಾಕಿತು.

“ಆ ಕೊಳಲಂತೂ ಕರುಳಿಗೇ ಕೈ ಹಾಕುತ್ತೆ,” ಎಂದು ಏಜೆಂಟ ಕಣ್ಣು ಮುಚ್ಚಿದ.

ಎಲ್‌ಪಿ ಗಡ್ಡ ಮುಗಿಸಿದ. ಒಬ್ಬ ಏಜೆಂಟನ ಮಾತು ಕಟ್ಟಿಕೊಂಡೇನು, ಅವನ ಕಸುಬೇ ಅದು ಎಂದು ಸಮಾಧಾನ ಹೇಳಿಕೊಂಡ. ಮಧ್ಯಾಹ್ನ ನಿವೃತ್ತ ಹೆಡ್‌ಮಾಸ್ತರು ಬಂದರು. ಅವರು ಮುಖಸ್ತುತಿಯ ಮನುಷ್ಯರಲ್ಲ. ಮೊಮ್ಮಕ್ಕಳ ಚಿತ್ರಕ್ಕೂ ಕೆಂಪು ಇಂಕಿನಲ್ಲಿ ಅಂಕ ಹಾಕುವವರು. ಈ ಸಲ ಎಲ್‌ಪಿ ಬೇಕೆಂದೇ ಉಗಿಬಂಡಿ ಹಾಕಿದ. ಹುಲ್ಲುಬಣವೆಯವರ ಎರಡನೇ ಆಲ್ಬಂ, ಸಿಕ್ಕುವುದೇ ಅಪರೂಪ ಎಂದ. ಗದ್ದ ಎತ್ತಿ ಕತ್ತಿ ಇಟ್ಟ.

“ಮೊದಲನೇದಕ್ಕಿಂತ ಪ್ರೌಢವಾಗಿದೆ,” ಎಂದರು ಹೆಡ್‌ಮಾಸ್ತರು. “ಮಾತು ಕಮ್ಮಿ ಮಾಡಿದಾರೆ. ಒಳ್ಳೇದಾಯ್ತು.”

ಎಲ್‌ಪಿ ಕೈಯಲ್ಲಿದ್ದ ಕತ್ತಿಯನ್ನು ಮೊದಲ ಸಲ ನೋಡುವವನಂತೆ ನೋಡಿದ. ಅದನ್ನು ನೋಡಿದ ಹೆಡ್‌ಮಾಸ್ತರು ಗಾಬರಿಯಾಗಿ, “ತುಂಬಾ ತುಂಬಾ ಪ್ರೌಢವಾಗಿದೆ,” ಎಂದು ಸೇರಿಸಿದರು.

ಅವರು ಹೋದ ಮೇಲೆ ಅವನು ಕೆಟ್ಟ ಕುರ್ಚಿಯಲ್ಲಿ ತಾನೇ ಕೂತ. ಅದು ಗೇಣುದ್ದ ಕೆಳಗಿಳಿಯಿತು. ತನ್ನ ಆಲ್ಬಮ್ಮಿಗೆ ಸಿಕ್ಕ ಹೊಗಳಿಕೆಯೆಲ್ಲ ರೈಲು ಎಂಜಿನ್ನಿಗೂ ಸಿಗುವಂಥದ್ದು! ಶನಿವಾರ ಭವನದ ತುಂಬ ಜನ ಇರುತ್ತಾರೆ, ಅವರ ಯಾರ ಕುತ್ತಿಗೆಯ ಮೇಲೂ ಕತ್ತಿ ಇರುವುದಿಲ್ಲ. ಅವನಿಗೆ ನಾಚಿಕೆಯಾಯಿತು, ಭಯವೂ ಆಯಿತು. ಹಾಡುಗಳು ಚೆನ್ನಾಗಿವೆಯೋ ಇಲ್ಲವೋ ಹೇಳಬಲ್ಲ ಒಂದು ನರಪಿಳ್ಳೆಯನ್ನೂ ತಾನು ಇಷ್ಟು ವರ್ಷದಲ್ಲಿ ಸಂಪಾದಿಸಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡ.

ಪ್ಲೈವುಡ್ ಗೋಡೆಯಾಚೆ ಹೊಲಿಗೆ ಮಿಷನ್ನು ಗರಗರ ಅನ್ನುತ್ತಿತ್ತು. ಅದು ಅವನ ಹೆಂಡತಿಯ ಅಂಗಡಿ. ಡಿಪೋದ ಬಸ್ಸುಗಳ ಹರಿದ ಸೀಟುಗಳೆಲ್ಲ ಅವಳ ಕೈಗೇ ಬರುತ್ತಿದ್ದವು. ಮದುವೆಯಾದಂದಿನಿಂದ ಅವಳು ಆ ಗೋಡೆಯಾಚೆ ಕೂತು ರೆಕ್ಸಿನ್ ಕತ್ತರಿಸುತ್ತ, ಸ್ಪಂಜು ತುಂಬುತ್ತ, ಈಚೆಯ ಎಲ್ಲ ಆಲ್ಬಮ್ಮುಗಳನ್ನೂ ಕೇಳಿಸಿಕೊಂಡಿದ್ದಳು. ಬೇಡವೆಂದರೆ ಕೇಳಿಸದಿರಲು ಗೋಡೆಯೇನು ಕಲ್ಲಿನದ್ದೇ?

ಎಲ್‌ಪಿ ಆ ಕಡೆ ಹೋಗಿ ಬಾಗಿಲಲ್ಲಿ ನಿಂತ. ಅವಳು ಸೀಟೊಂದನ್ನು ಮೊಣಕಾಲಿಗೆ ಒತ್ತಿಕೊಂಡು, ತುಟಿಗಳ ನಡುವೆ ಸಣ್ಣ ಮೊಳೆಗಳನ್ನು ಹಿಡಿದು, ಒಂದೊಂದಾಗಿ ತೆಗೆದು ಹೊಡೆಯುತ್ತಿದ್ದಳು.

“ಏನೇ, ಒಂದು ಮಾತು ಕೇಳ್ಲಾ? ನಮ್ಮ ಆಲ್ಬಂ ಹೇಗಿದೆ?”

ಅವಳು ಸುತ್ತಿಗೆ ಕೆಳಗಿಟ್ಟಳು. ಮೊಳೆಗಳನ್ನು ಅಂಗೈಗೆ ಉಗುಳಿಕೊಂಡಳು. ಈ ಪ್ರಶ್ನೆಗೆ ಉತ್ತರ ಅವಳಲ್ಲಿ ಸಿದ್ಧವಾಗಿ ಬಹಳ ಕಾಲವಾಗಿತ್ತು ಎಂದು ಕಾಣುತ್ತದೆ, ಒಂದು ಕ್ಷಣವೂ ಯೋಚಿಸಲಿಲ್ಲ.

“ಮೊದಲನೇ ಹಾಡಲ್ಲಿ ಹೊಳೆ ಆಚೆ ಇರೋರನ್ನ ಕೂಗಿದ ಹಾಗೆ ಹಾಡಿದೀರಿ. ಎರಡನೇದರಲ್ಲಿ ಗಿಟಾರು ಶ್ರುತೀಲಿಲ್ಲ. ಮೂರನೇದರಲ್ಲಿ ಶ್ರುತಿ ಇದೆ, ಹಾಡಿಲ್ಲ. ನಾಲ್ಕರಲ್ಲಿ ನನ್ನ ತಮ್ಮ ನಿದ್ದೆ ಮಾಡ್ತಿದಾನೆ, ನನಗ್ಗೊತ್ತು, ಅವನು ನಿದ್ದೇಲೂ ಹಾಗೇ ಬಾರಿಸ್ತಾನೆ. ಆರರಿಂದ ಆಚೆಗೆ ನೀವು ಬೇರೆಯವರ ದುಃಖ ಕಡ ತಂದಿದೀರಿ.”

“ಐದು ಬಿಟ್ಟೆ.”

“ಐದನೇದು ಚೆನ್ನಾಗಿದೆ.” ಅವಳು ಕಣ್ಣೆತ್ತಿ ನೋಡಿದಳು. “ಅದರಲ್ಲಿ ನೀವು ಸುಸ್ತಾಗಿದೀರಿ. ಗಂಟಲು ಕೂತಿದೆ. ಯಾರನ್ನೂ ಮೆಚ್ಚಿಸೋಕೆ ಹೋಗಿಲ್ಲ. ನೀವು ಅದನ್ನ ಹಾಕಿದಾಗೆಲ್ಲ ನಾನು ಮಿಷನ್ನು ನಿಲ್ಲಿಸ್ತೀನಿ.”

ಎಲ್‌ಪಿಗೆ ಕಪಾಳಕ್ಕೆ ಹೊಡೆದಂತೆಯೂ ಆಯಿತು, ಯಾರೋ ಬೆನ್ನು ಸವರಿದಂತೆಯೂ ಆಯಿತು. ಮಿಷನ್ನು ನಿಲ್ಲುತ್ತಿದ್ದದ್ದು ಅವನಿಗೂ ಕೇಳಿಸುತ್ತಿತ್ತು. ದಾರ ಮುಗಿದಿರಬೇಕು ಅಂದುಕೊಳ್ಳುತ್ತಿದ್ದ.

“ಇಷ್ಟು ವರ್ಷ ಬಾಯಿ ಬಿಡಲಿಲ್ವಲ್ಲೇ!”

“ನೀವು ಕೇಳಿದ್ರಾ? ಕುತ್ತಿಗೆ ಕೈಗೆ ಸಿಕ್ಕೋರನ್ನೆಲ್ಲ ಕೇಳಿದ್ರಿ. ನನಗೆ ಗಡ್ಡ ಇಲ್ಲ ನೋಡಿ.” ಮೊಳೆಗಳು ಮತ್ತೆ ತುಟಿಯ ನಡುವೆ ಹೋದವು. ಸಂದರ್ಶನ ಮುಗಿಯಿತು.

ಎರಡು ದಿನ ಅವನು ಅವಳೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಹೆಸರು ವಾಪಸು ತೆಗೆದುಕೊಳ್ಳೋಣವೆಂದು ಭವನದ ಕಡೆ ಹೊರಟು, ಡಿಪೋ ತನಕ ಹೋಗಿ ತಿರುಗಿ ಬಂದ. ಕೇಳಿದ್ದು ತಾನೇ, ಹೇಳಿದ್ದು ಸುಳ್ಳೂ ಅಲ್ಲ. ಗಿರಾಕಿಗಳನ್ನು ಮಾತ್ರ ಏನೂ ಕೇಳಲಿಲ್ಲ. ಪಾಪ, ಎಲ್‌ಪಿ ಅಣ್ಣನಿಗೆ ಮೈ ಸರಿಯಿಲ್ಲವೆಂದು ಬೀದಿಯಲ್ಲಿ ಸುದ್ದಿಯಾಯಿತು.

ಶನಿವಾರ ಭವನ ತುಂಬಿತ್ತು. ಬೀದಿಗೆ ಬೀದಿಯೇ ನುಣ್ಣಗೆ ಕ್ಷೌರ ಮಾಡಿಕೊಂಡು ಬಂದು ಕೂತಿತ್ತು. ಬಾಮೈದ ಸ್ಟೂಲಿನ ಮೇಲೆ ಬೇಸ್ ಗಿಟಾರು ಹಿಡಿದು ಆಗಲೇ ತೂಕಡಿಸುವ ಲಕ್ಷಣ ತೋರಿಸುತ್ತಿದ್ದ. ಎಲ್‌ಪಿ ಮೊದಲ ಹಾಡು ಹಾಡಿದ. ಭೋರ್ಗರೆವ ಚಪ್ಪಾಳೆ. ಎರಡನೆಯದು, ಮತ್ತೆ ಚಪ್ಪಾಳೆ. ಮುಂದಿನ ಸಾಲಿನಲ್ಲಿ ಹೆಂಡತಿ ಮಡಿಲಲ್ಲಿ ಚೀಲ ಇಟ್ಟುಕೊಂಡು, ಅದರ ಮೇಲೆ ಎರಡೂ ಕೈಗಳನ್ನು ಇಟ್ಟುಕೊಂಡು ಕೂತಿದ್ದಳು. ಮೂರಕ್ಕೂ ಆ ಕೈ ಏಳಲಿಲ್ಲ, ನಾಲ್ಕಕ್ಕೂ ಏಳಲಿಲ್ಲ. ಏಜೆಂಟನಂತೂ ಎದ್ದು ನಿಂತು ಸಿಳ್ಳೆ ಹಾಕಿದ. ಎಲ್‌ಪಿಗೆ ಆ ಗದ್ದಲವೆಲ್ಲ ಗೋಡೆಯಾಚೆ ನಡೆಯುತ್ತಿರುವಂತಿತ್ತು. ಅವನು ನೋಡುತ್ತಿದ್ದದ್ದು ಆ ಎರಡು ಕೈಗಳನ್ನು ಮಾತ್ರ.

ಐದನೆಯದಕ್ಕೆ ಬರುವಾಗ ಗಂಟಲು ಆಗಲೇ ಕೂತಿತ್ತು. ಎತ್ತರಿಸಲು ಹೋಗಲಿಲ್ಲ. ಒಂದು ಕಡೆ ಸಾಲು ಮರೆತು ಬರೀ ಗುನುಗಿದ. ಹಾಡು ಮುಗಿದದ್ದು ಜನರಿಗೆ ತಕ್ಷಣ ಗೊತ್ತಾಗಲಿಲ್ಲ. ಆ ಸದ್ದಿಲ್ಲದ ಭವನದಲ್ಲಿ ಹೆಂಡತಿ ಚೀಲವನ್ನು ಪಕ್ಕದ ಕುರ್ಚಿಯ ಮೇಲಿಟ್ಟು, ಒಬ್ಬಳೇ ಚಪ್ಪಾಳೆ ತಟ್ಟಿದಳು. ಆಮೇಲೆ ಎಲ್ಲರೂ ತಟ್ಟಿದರು.

ಎಲ್‌ಪಿ ಗಿಟಾರಿನ ಪಟ್ಟಿಯನ್ನು ಕುತ್ತಿಗೆಯಿಂದ ತೆಗೆದ.

“ಭಾವ, ಇನ್ನೂ ಐದಿವೆ!” ಎಂದು ಬಾಮೈದ ಪಿಸುಗುಟ್ಟಿದ.

“ಅವು ಚೆನ್ನಾಗಿಲ್ಲ ಕಣೋ,” ಎಂದ ಎಲ್‌ಪಿ, ಮೈಕಿನ ಮುಂದೆ ನಿಂತಿರುವುದನ್ನು ಮರೆತು.

ಇಡೀ ಭವನಕ್ಕೆ ಕೇಳಿಸಿತು. ಎಲ್ಲರಿಗಿಂತ ಮೊದಲು ನಕ್ಕವಳು ಹೆಂಡತಿ, ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನು ಮೆಟ್ಟಿಲಿಳಿದು ಬಂದು, ಪಕ್ಕದ ಕುರ್ಚಿಯಿಂದ ಚೀಲ ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡು ಕೂತ. ವೇದಿಕೆ ಮೇಲೆ ಮುಂದಿನ ತಂಡ ಶ್ರುತಿ ಮಾಡಿಕೊಂಡು ಶುರು ಮಾಡಿತು. ಒಂದು ಹಾಡು ಮುಗಿದ ಮೇಲೆ ಎಲ್‌ಪಿ ಅವಳ ಕಡೆ ಬಾಗಿದ.

“ಹೇಗಿದೆ?” ಎಂದು ಕೇಳಿದ.